ಹಳೇ ಬೊಲೆರೋ ಕ್ಯಾಂಪರ್ ಅಥವಾ ಹಳೇ ಡಿಜೈರ್: ಮಣ್ಣು ದಾರಿಯ ತೋಟದ ಮನೆಗೆ ಯಾವುದು?

ತೋಟದಮನೆ:
ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ-ಆಗುಂಬೆ ರಸ್ತೆಯಿಂದ ಒಳಗೆ, ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ. ಎರಡು ಎಕರೆ ಅಡಿಕೆ ಇದೆ. ಅಮ್ಮನಿಗೆ ಮಂಡಿನೋವು, ತಿಂಗಳಿಗೊಮ್ಮೆ ಶಿವಮೊಗ್ಗದ ಆಸ್ಪತ್ರೆಗೆ ಹೋಗಲೇಬೇಕು. ಒಂದೇ ಗಾಡಿಗೆ ಆಗುವಷ್ಟು ದುಡ್ಡು. 2014ರ ಕ್ಯಾಂಪರ್ (ಎರಡು ಸಾಲು ಸೀಟಿನ ಪಿಕಪ್) ಒಂದು, 2013ರ ಡಿಜೈರ್ ಡೀಸೆಲ್ ಕಾರು ಒಂದು ನೋಡಿಟ್ಟಿದ್ದೇನೆ, ರೇಟು ಹತ್ತಿರ ಹತ್ತಿರ. ಗೊಬ್ಬರ, ಅಡಿಕೆ ಮೂಟೆ ಅಂತ ನೋಡಿದರೆ ಕ್ಯಾಂಪರ್. ಆದರೆ ಅಮ್ಮ ಕೂರಬೇಕಲ್ವಾ.

ಹೊಸನಗರದವ:
ಕ್ಯಾಂಪರ್ ತಗೊಳ್ಳಿ ಮಾರಾಯ್ರೆ. ಜುಲೈ ತಿಂಗಳಲ್ಲಿ ಚಕ್ರದ ಜಾಡು ಆಳ ಆಗಿ ನಡುವೆ ಹುಲ್ಲು ಬೆಳೆದ ದಿಂಡು ಏಳುತ್ತದಲ್ಲ, ಅದು ಸೀದಾ ಡಿಜೈರ್‌ನ ಆಯಿಲ್ ಚೇಂಬರಿಗೆ ಉಜ್ಜುತ್ತದೆ. ನೆಲದಿಂದ ಗಾಡಿಯ ಅಡಿಗೆ ಕಂಪನಿ ಹೇಳುವ 170 ಮಿಲಿಮೀಟರ್ ಎತ್ತರ ಖಾಲಿ ಗಾಡಿಯ ಲೆಕ್ಕ, ನಾಲ್ಕು ಜನ ಕೂತು ಡಿಕ್ಕಿ ತುಂಬಿದರೆ ಅಷ್ಟು ಉಳಿಯುವುದಿಲ್ಲ.

ಕೊಪ್ಪ ಸೀಮೆ:
ನಾನು ಒಪ್ಪಲ್ಲ. ಕ್ಯಾಂಪರಿನ ಹಿಂದೆ ಇರುವುದು ಲೋಡಿಗೆ ಅಂತಲೇ ಮಾಡಿದ ಸ್ಪ್ರಿಂಗ್ ಪ್ಲೇಟುಗಳು. ಖಾಲಿ ಓಡಿಸಿದರೆ ಪ್ರತಿ ಗುಂಡಿಯೂ ಸೊಂಟಕ್ಕೆ ಬರುತ್ತದೆ. ಮಳೆಯಲ್ಲಿ ಖಾಲಿ ಗಾಡಿಗೆ ಹಿಂದೆ ಭಾರ ಇಲ್ಲದೆ ತಿರುವಿನಲ್ಲಿ ಜಾರುವುದು ಬೇರೆ. ಮಂಡಿನೋವು ಇರುವವರು ಅಷ್ಟು ಎತ್ತರ ಹತ್ತಿ ಇಳಿಯಬೇಕು, ಅದನ್ನು ಯೋಚನೆ ಮಾಡಿ. ಎರಡು ಎಕರೆಗೆ ಗೊಬ್ಬರ ಎಷ್ಟು ಲೋಡು ಬರುತ್ತದೆ? ಅಡಿಕೆ ಮಾರಲು ಹೋಗುವುದು ವರ್ಷಕ್ಕೆ ಎಷ್ಟು ಸಲ? ಅದಕ್ಕೆ ಬಾಡಿಗೆ ಪಿಕಪ್ ಸಾಕು. ಡಿಜೈರ್‌ನ 1.3 ಡೀಸೆಲ್ ಇಂಜಿನ್ ಎಲ್ಲಾ ಮೆಕ್ಯಾನಿಕ್‌ಗಳ ಕೈಗೆ ಪಳಗಿದೆ, ಮೈಲೇಜೂ ಚೆನ್ನಾಗಿದೆ. ದಾರಿಯ ಸಮಸ್ಯೆಗೆ ಮಳೆಗೆ ಮುಂಚೆ ಜಾಡಿಗೆ ಎರಡು ಲೋಡ್ ಚರಳು ಹಾಕಿಸಿ.

ಕೆಎ-15:
ಕಾಗದಪತ್ರದ ವಿಷಯ ಯಾರೂ ಹೇಳಲಿಲ್ಲ. ಕ್ಯಾಂಪರ್ ಗೂಡ್ಸ್ ಗಾಡಿ, ಹಳದಿ ಬೋರ್ಡ್. ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಡಿಜೈರ್‌ಗೆ ನೋಂದಣಿಯೇ 15 ವರ್ಷ, ಅಂದರೆ 2028ರವರೆಗೆ ಚಿಂತೆ ಇಲ್ಲ, ಆಮೇಲೆ ಐದೈದು ವರ್ಷಕ್ಕೆ ರಿನೀವಲ್. ಲೈಸೆನ್ಸ್ ತೊಂದರೆ ಇಲ್ಲ, 7500 ಕಿಲೋ ಒಳಗಿನ ಗೂಡ್ಸ್ ಗಾಡಿಗೆ ಎಲ್‌ಎಂವಿ (ಕಾರು ಓಡಿಸುವ ಲೈಸೆನ್ಸ್) ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ಪಿಕಪ್ ಬಂದ ಮೇಲೆ ಅಡಿಕೆ ಕೊನೆ ಕೊಯ್ಲಿನ ದಿನ ಆಳುಗಳನ್ನು ಹಿಂದೆ ನಿಲ್ಲಿಸಿಕೊಂಡು ಹೋಗುವುದು ನಮ್ಮ ಕಡೆ ರೂಢಿ. ಹಾಗೆ ಮಾಡಬೇಡಿ. ಅದು ಕಾನೂನಿಗೆ ವಿರುದ್ಧ. ಗಾಡಿ ಮಗುಚಿದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ, ಆ ಮನೆಯವರ ಗತಿ ಏನು?

ಯಾವುದೇ ತಗೊಳ್ಳಿ, ಕೆಎ-20 (ಉಡುಪಿ) ನಂಬರ್ ಆದರೆ ಅಡಿ ನೋಡದೆ ಮುಂಗಡ ಕೊಡಬೇಡಿ. ಕರಾವಳಿಯ ಉಪ್ಪು ಗಾಳಿಗೆ ತುಕ್ಕು ಬೇಗ. ಮ್ಯಾಟ್ ಎತ್ತಿ ನೋಡಿ, ಬಾಗಿಲಿನ ಕೆಳಗಿನ ಅಂಚು ಬೆರಳಲ್ಲಿ ಒತ್ತಿ ನೋಡಿ. ಕ್ಯಾಂಪರ್ ಆದರೆ ಚಾಸಿಗೆ ವೆಲ್ಡಿಂಗ್ ಮಾಡಿದ ಗುರುತು ಇದೆಯಾ ಅಂತ ಹುಡುಕಿ, ಕೆಂಪು ಕಲ್ಲು ಹೊತ್ತ ಗಾಡಿಗಳಲ್ಲಿ ಅದು ಇರುತ್ತದೆ.

ತೋಟದಮನೆ:
ಎಲ್ಲರಿಗೂ ಥ್ಯಾಂಕ್ಸ್. ಡಿಜೈರ್ ಕೆಎ-20ದೇ! ಭಾನುವಾರ ಗ್ಯಾರೇಜಿನಲ್ಲಿ ಎತ್ತಿಸಿ ನೋಡುತ್ತೇನೆ. ಅಮ್ಮನನ್ನೂ ಕರೆದುಕೊಂಡು ಹೋಗಿ ಎರಡಕ್ಕೂ ಹತ್ತಿಸಿ ನೋಡುತ್ತೇನೆ. ಚರಳು ಈಗ ಲೋಡಿಗೆ ಎಷ್ಟಾಗಿದೆ, ಯಾರಾದರೂ ಹೇಳ್ತೀರಾ?