ಗುಡ್ಡಕ್ಕ ಬೆಂಕಿ ಹಚ್ಚಿದವರು ಮನಿಯವರೇ ಆದ್ರ ಏನ್ ಮಾಡ್ಬೇಕು?

ಗುಡ್ಡದ ಕಾವಲು:
ಡಂಬಳದ ಹತ್ರದಾಂವ ನಾನು. ಬ್ಯಾಸಗಿ ಮುಗಿಯೂತನಕ ಗದಗ ಜಿಲ್ಲಾದ ಕಪ್ಪತಗುಡ್ಡದಾಗ ಬೆಂಕಿ ಕಾಯೋ ದಿನಗೂಲಿ. ಹೋದ ಸೋಮವಾರ ಸಂಜಿಮುಂದ ಬಾದಿ ಹುಲ್ಲಿಗೆ ಬೆಂಕಿ ಬಿತ್ತು. ಆರು ಮಂದಿ ಹಸಿ ಟೊಂಗಿ ಮುರ್ಕೊಂಡು ಬಡದು ಆರಿಸೂದ್ರಾಗ ರಾತ್ರಿ ಹನ್ನೊಂದಾತು. ಗಾಳಿ ತಿರುಗಿದಾಗ ನನ್ನ ಹುಬ್ಬು ಸುಟ್ಟ ವಾಸನಿ ನನಗ ಬಂತು. ಇಳಿಯುಮುಂದ ಕಾಲ್ದಾರಿಯಾಗ ಕಡ್ಡಿಪೆಟಗಿ ಬಿದ್ದಿತ್ತು, ಬಾಜೂಕ ಹಸಿ ಕುರಿ ಹಿಕ್ಕಿ. ಆ ದಾರಿಗೆ ಕುರಿ ಹೊಡಿಯೋರು ನಮ್ಮ ಸೋದರಮಾವ. "ಸುಟ್ಟಲ್ಲೇ ಎಳಿ ಹುಲ್ಲು ಚಿಗಿತೈತಿ" ಅಂತ ಅವರ ಬಾಯಾಗ ಎಷ್ಟೋ ಸಲ ಕೇಳೀನಿ. ನನ್ನನ್ನ ಹೆಗಲ ಮ್ಯಾಲ ಹೊತ್ಕೊಂಡು ಈ ಗುಡ್ಡ ತೋರಿಸಿದವರೂ ಅವರೇ. ಹೆಸರು ಹೇಳಲೋ, ಸುಮ್ನಿರಲೋ? ನಿದ್ದಿ ಹತ್ತವಲ್ದು.

ಮುಂಡರಗಿ ಮಾಸ್ತರ:
ಹೇಳ್ಬೇಕ್ರಿ. 2019ರಾಗ ಕಪ್ಪತಗುಡ್ಡ ವನ್ಯಜೀವಿ ಧಾಮ ಆಗೇತಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಲ್ಲಿ ಬೆಂಕಿ ಹಚ್ಚೂದು ಅಪರಾಧ. 2017ರ ಫೆಬ್ರವರಿಯಾಗ ಬಂಡೀಪುರದ ಕಾಡ್ಗಿಚ್ಚಿನಾಗ ಅರಣ್ಯ ರಕ್ಷಕರೊಬ್ರು ಜೀವಾನೇ ಕಳಕೊಂಡ್ರು. ನಿಮ್ಮ ಆರು ಮಂದಿ ಮನ್ಯಾಗೂ ಹೆಂಡ್ತಿ ಮಕ್ಕಳು ಕಾಯ್ತಿದ್ರು.

ಕುರಿಗಾರರ ಮಗಳು:
ಪೆಟಗಿ ಸಿಕ್ಕ ಮಾತ್ರಕ್ಕ ಮಾವಾನೇ ಅಂತ ಹೆಂಗಣ್ಣಾ? ಬೀಡಿ ಸೇದಿ ಒಗಿಯೋರೂ ಆ ದಾರಿಗೇ ಬರ್ತಾರ. ಹಿಂದೊಮ್ಮೆ ನಮ್ಮಪ್ಪಾರನ್ನ ಅರಣ್ಯದವರು ಬರೇ ಅನುಮಾನದ ಮ್ಯಾಲ ಇಡೀ ದಿನ ಕುಂದ್ರಿಸಿದ್ರು. ಆ ಬೆಂಕಿ ಬಿದ್ದಾಗ ಅವರು ಲಕ್ಷ್ಮೇಶ್ವರದ ಸಂತ್ಯಾಗಿದ್ರು. ಅದಕ್ಕೂ ಮೊದಲ, ಹೊಗಿ ಕಂಡ ಕೂಡ್ಲೇ ಓಡಿ ಬಂದು ಹೇಳೋರು ಅಪ್ಪಾನೇ. ಅವತ್ತಿಂದ ಕಂಡ್ರೂ ಬಾಯಿ ಬಿಡೂದಿಲ್ಲ. ದಿನಾ ಗುಡ್ಡದಾಗ ಇರೋರು ಕುರಿಗಾರರು, ಅವರ ಕಣ್ಣು ಕಳ್ಕೊಂಡ್ರ ನೀವು ಆರು ಮಂದಿ ಎಲ್ಲೆಲ್ಲಿ ಕಾಯ್ತೀರಿ? ಮೊದಲ ಮಾವನ್ನ ಕೇಳ್ರಿ.

ಗುಡ್ಡದ ಕಾವಲು:
ನಿನ್ನೆ ಹಟ್ಟಿಗೆ ಹೋಗಿದ್ದೆ. ಕೇಳಾಕ ಬಾಯಿ ಬರಲಿಲ್ಲ. ಮಾವ ನನ್ನ ಮುಂಗೈ ಮ್ಯಾಲಿನ ಬೊಬ್ಬಿ ನೋಡಿ "ಸೋಮವಾರದ್ದಾ?" ಅಂದ್ರು. ಯಾವ ದಿನ ಅಂತ ನಾ ಹೇಳಿರಲಿಲ್ಲ. ಎದ್ದು ಹೋಗಿ ಲೋಳಸರ ಮುರ್ಕೊಂಡು ಬಂದು ತಾವೇ ಹಚ್ಚಿದ್ರು, ಕೈ ನಡಗತಿತ್ತು. ಮಾಸ್ತರ, ಹೆಸರು ನಾನಿನ್ನೂ ಹೇಳಿಲ್ಲ. ಡೋಣಿ ಊರಿನ ಕಡೆ ಬೆಂಕಿ ದಾಟದಂಗ ಹುಲ್ಲು ತಗದು ಬೆಂಕಿ ರೇಖೆ ಬಳಿಯೂದೈತಿ, ನೀವೂ ಬರ್ತೀರೇನು ಅಂತ ಕೇಳ್ದೆ. ಬಾಳೊತ್ತು ಸುಮ್ನಿದ್ದು, "ನಸಿಕಿನ್ಯಾಗ ಬಂದು ಎಬ್ಬಿಸು" ಅಂದ್ರು.