ಹಂದಿ ಚರ್ಮದ ಕಾರ್ನಿಯಾ ನನ್ನ ತಮ್ಮನಿಗೆ ಹಾಕಿಸಬಹುದಾ? ಕಣ್ಣಿನ ಡಾಕ್ಟರ್ ಉತ್ತರಗಳು

ಪ್ರಶ್ನೆ (ರಶ್ಮಿ, ತುಮಕೂರು): ನಮಸ್ತೆ ಡಾಕ್ಟ್ರೇ. ನನ್ನ ತಮ್ಮನಿಗೆ 22 ವರ್ಷ. ಕೆರಟೋಕೋನಸ್ ಅಂತ ಹೇಳಿದ್ದಾರೆ. ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತಿದೆ. ಹಂದಿ ಚರ್ಮದಿಂದ ಕಾರ್ನಿಯಾ ಮಾಡಿ ಕುರುಡರಿಗೆ ದೃಷ್ಟಿ ಬರಿಸಿದರು ಅಂತ ನಮ್ಮ ಮನೆಯವರ ವಾಟ್ಸಾಪಿನಲ್ಲಿ ಸುದ್ದಿ ಓಡಾಡುತ್ತಿದೆ. ನಿಜವಾ? ಅವನಿಗೆ ಹಾಕಿಸಬಹುದಾ?

ಉತ್ತರ: ಸುದ್ದಿ ನಿಜ ರಶ್ಮಿಯವರೇ. ಸ್ವೀಡನ್ನಿನ ಲಿಂಷೋಪಿಂಗ್ ವಿಶ್ವವಿದ್ಯಾಲಯದವರ ಕೆಲಸ ಅದು, 2022ರಲ್ಲಿ ಪ್ರಕಟವಾಯಿತು. ಒಟ್ಟು 20 ರೋಗಿಗಳು: ಇರಾನಿನಲ್ಲಿ 12, ದೆಹಲಿಯ ಏಮ್ಸ್‌ನಲ್ಲಿ 8. ಎಲ್ಲರಿಗೂ ನಿಮ್ಮ ತಮ್ಮನ ಕಾಯಿಲೆಯೇ, ಆದರೆ ತುಂಬಾ ಮುಂದುವರಿದ ಹಂತ. ಅವರಲ್ಲಿ 14 ಮಂದಿ ಆಪರೇಷನ್‌ಗೆ ಮುಂಚೆ ಕುರುಡರ ಲೆಕ್ಕಕ್ಕೆ ಸೇರಿದ್ದರು. ಎರಡು ವರ್ಷ ಕಳೆದಾಗ ಆ ಲೆಕ್ಕದಲ್ಲಿ ಒಬ್ಬರೂ ಇರಲಿಲ್ಲ.

ಕಾರ್ನಿಯಾ ಅಂದರೆ ಕಣ್ಣಿನ ಮುಂದಿರುವ ಪಾರದರ್ಶಕ ಪದರ, ಸುಮಾರು ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ. ಈ ಕಾಯಿಲೆಯಲ್ಲಿ ಅದು ತೆಳುವಾಗಿ ಮುಂದಕ್ಕೆ ಉಬ್ಬುತ್ತದೆ. ಅವರು ಲೇಸರಿನಿಂದ ಕಾರ್ನಿಯಾದೊಳಗೆ ಒಂದು ಜೇಬು ಮಾಡಿ, ಚಿಕ್ಕ ಸೀಳಿನಲ್ಲಿ ಪಾರದರ್ಶಕ ಬಿಲ್ಲೆಯೊಂದನ್ನು ತೂರಿಸಿದರು. ಹಂದಿ ಚರ್ಮದಿಂದ ತೆಗೆದ ಕೊಲಾಜನ್ ಎಂಬ ಪ್ರೋಟೀನಿನಿಂದ ಮಾಡಿದ ಬಿಲ್ಲೆ ಅದು. ರೋಗಿಯ ಅಂಗಾಂಶವನ್ನು ತೆಗೆಯಲಿಲ್ಲ. ಹೊಲಿಗೆಯೂ ಇಲ್ಲ. ಕಾರ್ನಿಯಾ ದಪ್ಪವಾಯಿತು, ಉಬ್ಬು ತಗ್ಗಿತು.

ನಿಮ್ಮ ತಮ್ಮನಿಗೆ ಈಗ ಅದು ಬೇಕಾಗಿಲ್ಲ ಅನ್ನಿಸುತ್ತದೆ. ಮೊದಲು ಸ್ಕ್ಯಾನ್‌ನಲ್ಲಿ ಉಬ್ಬು ಹೆಚ್ಚಾಗುತ್ತಿದೆಯೇ ನೋಡಬೇಕು. ಹೆಚ್ಚಾಗುತ್ತಿದ್ದರೆ, ದಪ್ಪ ಇನ್ನೂ ಸಾಕಷ್ಟಿದ್ದರೆ, ಸಿ-ತ್ರೀ-ಆರ್ ಮಾಡಿಸಿ. ರೈಬೋಫ್ಲೇವಿನ್ ಹನಿ ಹಾಕಿ ನೇರಳಾತೀತ ಬೆಳಕು ಬಿಡುತ್ತಾರೆ. ಅದು ಕಾಯಿಲೆಯನ್ನು ಅಲ್ಲೇ ನಿಲ್ಲಿಸುವುದಕ್ಕೆ, ದೃಷ್ಟಿ ಹೆಚ್ಚಿಸುವುದಕ್ಕಲ್ಲ. ದೃಷ್ಟಿಗೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಇದೆ. ಮತ್ತೆ, ಅವನು ಕಣ್ಣು ಉಜ್ಜುತ್ತಾನಾ? ಉಜ್ಜುತ್ತಿದ್ದರೆ ಇವತ್ತೇ ಬಿಡಿಸಿ. ಅಲರ್ಜಿಯ ತುರಿಕೆ ಇದ್ದರೆ ಅದಕ್ಕೆ ಔಷಧಿ ತಗೊಳ್ಳಿ.

ಪ್ರಶ್ನೆ (ರಶ್ಮಿ): ಉಜ್ಜುತ್ತಾನೆ ಸರ್, ಚಿಕ್ಕಂದಿನಿಂದಲೂ! ಇನ್ನೊಂದು. ಅಮ್ಮನಿಗೆ ಹಂದಿ ಅಂದರೆ ಮುಜುಗರ. ಪ್ರಾಣಿಯ ಜೀವಕೋಶ ಕಣ್ಣಲ್ಲಿ ಉಳಿಯುತ್ತಾ?

ಉತ್ತರ: ಇಲ್ಲ. ಶುದ್ಧ ಮಾಡಿದ ಕೊಲಾಜನ್ ಪ್ರೋಟೀನ್ ಮಾತ್ರ ಇರುತ್ತದೆ, ಜೀವಕೋಶ ಇರುವುದಿಲ್ಲ. ಮಾಂಸದ ಉದ್ಯಮದಲ್ಲಿ ಉಳಿಯುವ ಚರ್ಮದಿಂದ ಅದನ್ನು ತೆಗೆಯುತ್ತಾರೆ. ಒಪ್ಪುವುದು ಬಿಡುವುದು ಅಮ್ಮನ ಇಷ್ಟ. ಅದರಲ್ಲಿ ಡಾಕ್ಟರ್ ವಾದ ಮಾಡಬಾರದು.

ಪ್ರಶ್ನೆ (ಬಸವರಾಜ, ಸಿಂಧನೂರು): ಸರ್, ನಮ್ಮಪ್ಪನಿಗೆ ಒಕ್ಕಣೆ ಟೈಮಲ್ಲಿ ಭತ್ತದ ಹೊಟ್ಟು ಬಡಿದು ಕಣ್ಣು ಹುಣ್ಣಾಗಿತ್ತು. ಈಗ ಬಿಳಿ ಹೂವು ಬಿದ್ದಿದೆ. ಈ ಬಿಲ್ಲೆ ಅವರಿಗೆ ಆಗುತ್ತಾ?

ಉತ್ತರ: ಆಗುವುದಿಲ್ಲ ಬಸವರಾಜ ಅವರೇ. ಈ ಬಿಲ್ಲೆ ಇದ್ದ ಕಾರ್ನಿಯಾವನ್ನು ದಪ್ಪ ಮಾಡುತ್ತದೆ ಅಷ್ಟೇ, ಕಲೆ ಹಾಗೇ ಉಳಿಯುತ್ತದೆ. ಕಲೆಯನ್ನು ಕತ್ತರಿಸಿ ತೆಗೆಯಬೇಕು, ಆ ಜಾಗಕ್ಕೆ ಇನ್ನೊಂದು ಕೂರಿಸಬೇಕು. ಸದ್ಯಕ್ಕೆ ಅದಕ್ಕೆ ದಾನಿಯ ಕಾರ್ನಿಯಾವೇ ದಾರಿ. ಹಿಂದಿನ ಪದರ ಚೆನ್ನಾಗಿದ್ದರೆ ಮುಂದಿನ ಭಾಗ ಮಾತ್ರ ಬದಲಿಸಿದರೂ ಸಾಕು.

ಹಾಗಂತ ಅದನ್ನೂ ಯಾರೂ ಪ್ರಯತ್ನಿಸಿಲ್ಲ ಅಂತಲ್ಲ. ಅದೇ ಲಿಂಷೋಪಿಂಗ್‌ನಲ್ಲಿ ಮೇ ಗ್ರಿಫಿತ್, ಪೇರ್ ಫಾಗರ್‌ಹೋಮ್ ಅವರ ತಂಡ 10 ಜನರ ಕಾರ್ನಿಯಾದ ಮುಂಭಾಗ ತೆಗೆದು ಕೊಲಾಜನ್ ಕೂರಿಸಿತ್ತು. 2010ರಲ್ಲಿ ಎರಡು ವರ್ಷದ ಫಲಿತಾಂಶ ಬಂತು. ಹಂದಿಯದಲ್ಲ, ಯೀಸ್ಟಿನಲ್ಲಿ ತಯಾರಿಸಿದ ಮಾನವ ಕೊಲಾಜನ್. 9 ಮಂದಿಗೆ ಕೆರಟೋಕೋನಸ್, ಒಬ್ಬರಿಗೆ ಕಲೆ. ನನಗಂತೂ 2022ರ ಸುದ್ದಿಗಿಂತ ಇದೇ ದೊಡ್ಡದು. ರೋಗಿಯದೇ ಜೀವಕೋಶಗಳು ಆ ಕೊಲಾಜನ್ನಿನೊಳಗೆ ಬಂದು ನೆಲೆಸಿದವು, ನರಗಳೂ ಬೆಳೆದವು. ಮುಟ್ಟಿದರೆ ಗೊತ್ತಾಗುವಷ್ಟು ಸ್ಪರ್ಶ ಬಂತು. ಆದರೆ ಮೇಲೆ ಹಾಕಿದ ಹೊಲಿಗೆಯಿಂದ ಮೇಲ್ಮೈ ಗುಣವಾಗುವುದು ತಡವಾಯಿತು, ಕೆಲವು ಕಡೆ ತೆಳುವಾಯಿತು. ದೃಷ್ಟಿ ಸುಧಾರಿಸಿದ್ದು 6 ಜನಕ್ಕೆ. ಕೊಲಾಜನ್ ಒಳ್ಳೆಯದೇ, ಕಾಟ ಕೊಟ್ಟಿದ್ದು ಹೊಲಿಗೆ.

ಭತ್ತದ ವಿಷಯ ಬಂತಲ್ಲ, ಒಂದು ಮಾತು. ಬೆಳೆಯಿಂದ ಕಣ್ಣಿಗೆ ಗಾಯವಾದರೆ ಫಂಗಸ್ ಹುಣ್ಣಾಗಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಹನಿ ತಂದು ಹಾಕಿದರೆ ಅದು ಇನ್ನೂ ಒಳಕ್ಕೆ ಹಬ್ಬುತ್ತದೆ.

ಪ್ರಶ್ನೆ (ಶಾಹೀನ್, ಕಲಬುರಗಿ): ಎಲೆಯಡಿಕೆ ಸುಣ್ಣದ ಪ್ಯಾಕೆಟ್ ಒಡೆದು ಮಗುವಿನ ಒಂದು ಕಣ್ಣು ಸುಟ್ಟಿದೆ. ಕಾರ್ನಿಯಾ ಬದಲಿಸಿದರೆ ಸರಿಹೋಗುತ್ತಾ?

ಉತ್ತರ: ಬರೀ ಬದಲಿಸಿದರೆ ನಿಲ್ಲುವುದಿಲ್ಲ ಅಕ್ಕಾ. ಸುಣ್ಣ ಕರಿಗುಡ್ಡೆಯ ಅಂಚಿನ ಕಾಂಡಕೋಶಗಳನ್ನೇ ಸುಡುತ್ತದೆ. ಹೊಸ ಮೇಲ್ಪದರ ಬೆಳೆಯುವುದೇ ಅವುಗಳಿಂದ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಅದರ ಅಂಚಿನಿಂದ ಚಿಕ್ಕ ಚೂರು ತೆಗೆದು, ಸಣ್ಣಗೆ ತುಂಡು ಮಾಡಿ, ಸುಟ್ಟ ಕಣ್ಣಿಗೆ ಹಾಸಿದ, ಹೆರಿಗೆಯಲ್ಲಿ ಸಿಗುವ ಗರ್ಭಚೀಲದ ಪೊರೆಯ ಮೇಲೆ ಅಂಟಿಸಿ ಬೆಳೆಯಲು ಬಿಡುತ್ತಾರೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ರೂಪುಗೊಂಡ ವಿಧಾನ, 2012ರಲ್ಲಿ ಪ್ರಕಟವಾಯಿತು. ಇದು ಬರೀ ಪ್ರಯೋಗದ ಹಂತದ್ದಲ್ಲ, ಈಗಲೇ ಮಾಡುತ್ತಾರೆ. ಕಾರ್ನಿಯಾ ವಿಭಾಗ ಇರುವ ಆಸ್ಪತ್ರೆಗೇ ತೋರಿಸಿ.

ಪ್ರಶ್ನೆ (ಮಂಜುನಾಥ, ಮೈಸೂರು): ಕೊಲಾಜನ್ ಬಂದಮೇಲೆ ನೇತ್ರದಾನ ಬೇಕಾಗಿಲ್ಲ ಅಲ್ವಾ ಸರ್?

ಉತ್ತರ: ಬೇಕೇ ಬೇಕು. ಕಾರ್ನಿಯಾದ ಹಿಂದಿನ ಪದರದ ಕೋಶಗಳು ಸತ್ತರೆ ಈ ಬಿಲ್ಲೆಯಿಂದ ಏನೂ ಆಗುವುದಿಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಅಂತ ಬೇರೆ ಮಾಡಿ ನಾಲ್ಕು ಜನಕ್ಕೆ ಹಾಕಿದರು. ಸಕ್ಕರೆ ಕಾಯಿಲೆ ಇದ್ದವರೂ, ಪೊರೆ ಆಪರೇಷನ್ ಆದವರೂ ಕೊಡಬಹುದು. ಸಾವಾದ ಆರು ಗಂಟೆಯೊಳಗೆ ಕಣ್ಣಿನ ಬ್ಯಾಂಕಿನವರು ಬರಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ.