ನೆಲಕ್ಕೆ ಬಿದ್ದ ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನುತ್ತಿದೆ: ಒಳಗಿನ ಧ್ವನಿಮುದ್ರಣಗಳು ಮರಳಿ ಸಿಗಬಹುದೇ?

ಬೆಟಗೇರಿಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರೋಣ ತಾಲ್ಲೂಕಿನ ನಮ್ಮ ಮೂಲ ಊರಿನಲ್ಲಿ ದೊಡ್ಡಾಟದ ತಾಲೀಮು ನಡೆಯುವಾಗ ನಮ್ಮ ತಂದೆಯವರು ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತು ಮುದ್ರಿಸಿಕೊಂಡ ಹಾಡು, ಮಾತುಗಳನ್ನು ಎರಡು ವರ್ಷದ ಹಿಂದೆ ಕಂಪ್ಯೂಟರಿಗೆ ಇಳಿಸಿ, 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೆ. ಹೋದ ವಾರ ಅದು ಚಾಲೂ ಇರುವಾಗಲೇ ಮಗನ ಕಾಲಿಗೆ ಕೇಬಲ್ ತೊಡರಿ, ಡಿಸ್ಕ್ ಮೇಜಿನ ಮೇಲಿಂದ ಫರಸಿಯ ನೆಲಕ್ಕೆ ಬಿತ್ತು. ಅಂದಿನಿಂದ ಜೋಡಿಸಿದಾಗಲೆಲ್ಲ ಹತ್ತು ಹನ್ನೆರಡು ಸಲ ಟಕ್, ಟಕ್ ಎಂದು ಒಂದೇ ಲಯದಲ್ಲಿ ಸದ್ದು ಮಾಡಿ, ಆಮೇಲೆ ತಿರುಗುವುದನ್ನು ನಿಲ್ಲಿಸಿ ಸುಮ್ಮನಾಗುತ್ತದೆ. ಕಂಪ್ಯೂಟರಿನಲ್ಲಿ ಡ್ರೈವ್ ಕಾಣಿಸುವುದೇ ಇಲ್ಲ.

ಇಲ್ಲಿಯವರೆಗೆ ಐದಾರು ಸಲ ಜೋಡಿಸಿ ನೋಡಿದ್ದೇನೆ. ಒಬ್ಬ ಅಂಗಡಿಯವರು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಬದಲಿಸೋಣ ಎನ್ನುತ್ತಾರೆ, ಇನ್ನೊಬ್ಬರು ಮುಚ್ಚಳ ಬಿಚ್ಚಿ, ಒಳಗೆ ಮಾಹಿತಿಯನ್ನು ಓದಿ ಬರೆಯುವ ಹೆಡ್ ಸರಿಸಿ ಕೊಡುತ್ತೇನೆ ಎನ್ನುತ್ತಾರೆ, ನನ್ನ ಸೋದರಳಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿ ಇಡಲು ಹೇಳುತ್ತಾನೆ. ಇವುಗಳಲ್ಲಿ ಯಾವುದನ್ನು ಮೊದಲು ಮಾಡಬೇಕು? ತಿಳಿದವರು ದಯವಿಟ್ಟು ಹೇಳಬೇಕು.

ಹುಬ್ಬಳ್ಳಿ ರಿಪೇರಿಯವ

ಸರ್, ಮೂರನ್ನೂ ಮಾಡಬೇಡಿರಿ. ಅದಕ್ಕಿಂತ ಮುಖ್ಯವಾಗಿ, ಅದನ್ನು ಇನ್ನೊಮ್ಮೆ ಕಂಪ್ಯೂಟರಿಗೆ ಜೋಡಿಸಲೇಬೇಡಿರಿ.

ಡಿಸ್ಕ್ ಬಂದ್ ಇದ್ದಾಗ ಈ ಸಣ್ಣ ಗಾತ್ರದ ಡ್ರೈವ್‌ಗಳಲ್ಲಿ ಹೆಡ್‌ಗಳು ಮಾಹಿತಿ ಇರುವ ತಟ್ಟೆಯಿಂದ ಹೊರಗೆ, ಪಕ್ಕದ ಒಂದು ಇಳಿಜಾರಿನ ಮೇಲೆ ಕೂತಿರುತ್ತವೆ. ಆಗ ಬಿದ್ದರೆ ಎಷ್ಟೋ ಸಲ ಪಾರಾಗುತ್ತವೆ. ನಿಮ್ಮದು ಚಾಲೂ ಇತ್ತು, ಅಂದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹೆಡ್ ತೇಲುತ್ತಿತ್ತು. ನಮ್ಮ ತಲೆಗೂದಲಿನ ದಪ್ಪವೇ ಐವತ್ತು ಸಾವಿರ ನ್ಯಾನೋಮೀಟರ್‌ಗಿಂತ ಹೆಚ್ಚು ಎಂದ ಮೇಲೆ, ಬಿದ್ದ ಪೆಟ್ಟಿಗೆ ಆ ಹೆಡ್ ಏನಾಗಿರಬೇಕೆಂದು ನೀವೇ ಊಹಿಸಿಕೊಳ್ಳಿರಿ. ತಟ್ಟೆಯ ಮೇಲೆ ಮೊದಲೇ ಬರೆದಿಟ್ಟ ಗುರುತುಗಳನ್ನು ಓದಿ ತಾನು ಎಲ್ಲಿದ್ದೇನೆಂದು ಹೆಡ್ ತಿಳಿದುಕೊಳ್ಳಬೇಕು. ಓದಲಾಗದೆ ಮತ್ತೆ ಮತ್ತೆ ಹೋಗಿ ಬರುವುದೇ ಆ ಟಕ್ ಟಕ್. ಹೆಡ್ ಸೊಟ್ಟಾಗಿದ್ದರೆ ಹೀಗೆ ಹೋಗಿ ಬರುವಾಗಲೇ ತಟ್ಟೆಯ ಮೇಲಿನ ಕಾಂತೀಯ ಲೇಪವನ್ನು ಕೆರೆದು ಪುಡಿ ಮಾಡುತ್ತದೆ, ಮತ್ತು ಹಾಗೆ ಪುಡಿಯಾದ ಭಾಗವನ್ನು ಮಾಹಿತಿ ಮರಳಿ ತೆಗೆಯುವ ಯಾವ ಲ್ಯಾಬೂ ಓದಲಾರದು.

ಫ್ರೀಜರಿನಿಂದ ತೆಗೆದ ತಂಬಿಗೆಯ ಮೇಲೆ ಹನಿ ಕೂಡುವುದನ್ನು ನೋಡಿದ್ದೀರಲ್ಲ, ಡಿಸ್ಕಿನ ಒಳಗೂ ಹಾಗೆಯೇ ಆಗಬಹುದು, ಏಕೆಂದರೆ ಅದು ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ಗಾಳಿ ಆಡಲು ಫಿಲ್ಟರ್ ಇರುವ ಸಣ್ಣ ರಂಧ್ರ ಇರುತ್ತದೆ. ಬೋರ್ಡಿನ ಮಾತು ಹೇಳಿದವರು ಸದ್ದನ್ನೇ ಕೇಳಿಲ್ಲವೆಂದು ಕಾಣುತ್ತದೆ. ಬೋರ್ಡ್ ಸುಟ್ಟಿದ್ದರೆ ಸಾಮಾನ್ಯವಾಗಿ ತಟ್ಟೆ ತಿರುಗುವುದೇ ಇಲ್ಲ. ಒಂದು ವೇಳೆ ಬದಲಿಸಿದರೂ, ಆ ಡಿಸ್ಕಿಗೆ ಮಾತ್ರ ಹೊಂದುವ ಹೊಂದಾಣಿಕೆಯ ಅಂಕೆಗಳು ಹಳೆಯ ಬೋರ್ಡಿನ ಚಿಪ್ಪಿನಲ್ಲಿರುತ್ತವೆ. ಆ ಚಿಪ್ಪನ್ನು ಕಿತ್ತು ಹೊಸದಕ್ಕೆ ಬೆಸೆಯದೆ ನಡೆಯುವುದಿಲ್ಲ. ಕೆಲವು ಮಾದರಿಗಳಲ್ಲಿ ಬರೆಯುವ ಮಾಹಿತಿಯನ್ನು ಬೋರ್ಡೇ ಗುಪ್ತಲಿಪಿಗೆ ತಿರುಗಿಸುತ್ತದೆ, ಆದ್ದರಿಂದ ಹಳೆಯ ಬೋರ್ಡನ್ನು ಎಂದಿಗೂ ಎಸೆಯಬಾರದು. ನಾನೂ ಇದೇ ಕಸುಬಿನವನು, ಆದರೆ ಧೂಳಿನ ರಸ್ತೆಗೆ ಮುಖ ಮಾಡಿದ ನನ್ನ ಅಂಗಡಿಯಲ್ಲಿ ಮುಚ್ಚಳ ಬಿಚ್ಚುವ ಧೈರ್ಯವನ್ನು ನಾನಂತೂ ಮಾಡುವುದಿಲ್ಲ.

ಸಪ್ತಾಪುರ ಓದುಗ

ಮೇಲಿನವರ ಮಾತು ಸರಿಯಾಗಿದೆ. ನನ್ನ ಅನುಭವವನ್ನೂ ಸೇರಿಸುತ್ತೇನೆ. ನಾಲ್ಕು ವರ್ಷದ ಹಿಂದೆ ನನ್ನ ಡಿಸ್ಕ್ ಕೆಟ್ಟಾಗ ಸದ್ದೇನೂ ಇರಲಿಲ್ಲ, ಫೈಲ್ ತೆರೆಯುವುದು ನಿಧಾನವಾಗಿತ್ತು, ಅಷ್ಟೇ. ಧಾರವಾಡದ ಒಂದು ಅಂಗಡಿಯಲ್ಲಿ ನನ್ನನ್ನು ಕೇಳದೆಯೇ ಚೆಕ್‌ಡಿಸ್ಕ್ ಓಡಿಸಿದರು. ಅದು ಡಿಸ್ಕನ್ನು ದುರಸ್ತಿ ಮಾಡುವ ಹೆಸರಿನಲ್ಲಿ ಅದರ ಮೇಲೆಯೇ ಬರೆಯುತ್ತದೆ. ಒಂದು ಫೋಲ್ಡರಿನ ಹೆಸರುಗಳೆಲ್ಲ ಹೋಗಿ, ಬರಿಯ ಅಂಕೆಗಳಿರುವ ತುಣುಕುಗಳು ಉಳಿದವು. ಅಂಥ ಡಿಸ್ಕಿಗೆ ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಮೊದಲು ಇಡೀ ಡಿಸ್ಕಿನ ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ತೆಗೆದುಕೊಂಡು, ಹುಡುಕುವ ಕೆಲಸವನ್ನು ಆ ಪ್ರತಿಯ ಮೇಲೆ ಮಾಡಬೇಕಿತ್ತು. ಆ ತಂತ್ರಾಂಶ ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಮುಗಿಸಿ, ಕಷ್ಟದ ಭಾಗಗಳಿಗೆ ಕೊನೆಯಲ್ಲಿ ಕೈ ಹಾಕುತ್ತದೆ. ನಡುವೆ ಕರೆಂಟ್ ಹೋದರೂ ಎಲ್ಲಿಯವರೆಗೆ ಆಗಿದೆ ಎಂಬ ಲೆಕ್ಕವನ್ನು ಒಂದು ಕಡತದಲ್ಲಿ ಇಟ್ಟಿರುತ್ತದೆ. ಆದರೆ ಟಕ್ ಟಕ್ ಎನ್ನುವ ಡಿಸ್ಕಿಗೆ ಇದೂ ಬೇಡ.

ನಿಮ್ಮದಕ್ಕೆ ಕ್ಲೀನ್ ರೂಮ್ ಇರುವ ಲ್ಯಾಬೇ ಬೇಕು, ಅಂದರೆ ಬಹುಶಃ ಬೆಂಗಳೂರಿಗೆ ಕಳುಹಿಸಬೇಕು. ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು ನೂರನ್ನು ಮೀರದಂಥ ಜಾಗದಲ್ಲಿ ಮುಚ್ಚಳ ಬಿಚ್ಚಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಹೆಡ್‌ಗಳನ್ನು ತೆಗೆದು ಕೂರಿಸುತ್ತಾರೆ. ಹಾಗೆ ಕೂರಿಸಿದ ಹೆಡ್ ಬಹಳ ದಿನ ಬಾಳುವುದಿಲ್ಲ, ಆದ್ದರಿಂದ ಯಾವ ಫೋಲ್ಡರ್ ಮೊದಲು ಬೇಕೆಂದು ಬರೆದು ಕಳುಹಿಸಿರಿ. ಬಿಚ್ಚುವ ಮೊದಲು ಖರ್ಚಿನ ಲೆಕ್ಕ ಬರಹದಲ್ಲಿ ಬರಬೇಕು. ಹಣ ಕಟ್ಟುವ ಮುನ್ನ ಸಿಕ್ಕ ಫೈಲುಗಳ ಪಟ್ಟಿ ತೋರಿಸುತ್ತಾರೆಯೇ, ಏನೂ ಸಿಗದಿದ್ದರೆ ಎಷ್ಟು ಕೊಡಬೇಕು ಎಂದು ಫೋನಿನಲ್ಲಿಯೇ ಕೇಳಿರಿ. ಈ ಮೊದಲೇ ಯಾರಾದರೂ ಮುಚ್ಚಳ ಬಿಚ್ಚಿದ್ದರೆ ಆ ಸಂಗತಿಯನ್ನು ಲ್ಯಾಬಿನವರಿಗೆ ಹೇಳಿರಿ.

ಹಾವೇರಿಯ ಕೇಳುಗ

ನಾನು ಹಾರ್ಡ್‌ಡಿಸ್ಕ್ ಬಲ್ಲವನಲ್ಲ, ಒಂದೇ ಪ್ರಶ್ನೆ: ಆ ಮೂಲ ಕ್ಯಾಸೆಟ್ಟುಗಳು ಎಲ್ಲಿವೆ? ಡಿಸ್ಕಿಗೆ ಇಳಿಸಿದ ಮೇಲೆ ಎಸೆದಿರಾ, ಇಟ್ಟಿದ್ದೀರಾ? ಇದ್ದರೆ ಲ್ಯಾಬಿನ ಖರ್ಚಿಗೆ ಮುಂಚೆ ಅವನ್ನು ಹೊರಗೆ ತೆಗೆಯಿರಿ. ಮಳೆಗಾಲದ ತಂಪಿಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಬಂದಿದ್ದರೆ ಹಾಗೆಯೇ ಹಾಕಬೇಡಿರಿ, ಪ್ಲೇಯರಿನ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಧ್ವನಿ ಮಂಕಾಗಿ, ಏರಿಳಿಯುತ್ತ ಬಂದರೆ ಟೇಪೇ ಹಾಳಾಗಿದೆ ಎಂದುಕೊಳ್ಳಬೇಡಿರಿ. ಕ್ಯಾಸೆಟ್ಟಿನ ಬಾಯಿಯ ನಡುವೆ, ಟೇಪಿನ ಬೆನ್ನಿಗೆ, ತೆಳುವಾದ ತಗಡಿನ ಮೇಲೆ ಅಂಟಿಸಿದ ಒಂದು ಸಣ್ಣ ಮೆತ್ತೆ ಇರುತ್ತದೆ, ಅದು ಉದುರಿದರೂ ಹೀಗಾಗುತ್ತದೆ. ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಖೋಲಿಗೆ ಎರಡೂ ಉರುಳೆಗಳನ್ನು ಎತ್ತಿ ಇಟ್ಟರೆ ಸಾಕು. ನಮ್ಮ ತಾಯಿಯ ಸೋಬಾನೆ ಪದಗಳನ್ನು ನಾನು ಹಾಗೆಯೇ ಉಳಿಸಿಕೊಂಡೆ.

ಬೆಟಗೇರಿಯವ

ಎಲ್ಲರಿಗೂ ಋಣಿಯಾಗಿದ್ದೇನೆ. ಹಾವೇರಿಯವರ ಪ್ರಶ್ನೆ ಓದಿದ ಮೇಲೆ ನನಗೇ ನಾಚಿಕೆಯಾಯಿತು, ಏಕೆಂದರೆ ಈ ಎಂಟು ದಿನ ಡಿಸ್ಕಿನ ಚಿಂತೆಯಲ್ಲಿ ಅವುಗಳ ನೆನಪೇ ಆಗಿರಲಿಲ್ಲ. ಊರಿಗೆ ಫೋನ್ ಮಾಡಿದೆ. ಕಾಕಾ ಅವರು ಅಟ್ಟದ ಮೇಲಿನ ಟ್ರಂಕಿನಲ್ಲಿ ನೋಡಿ ಎಣಿಸಿದರು: ನಲವತ್ತೊಂದರಲ್ಲಿ ಮೂವತ್ತಾರು ಇವೆ, ಎರಡಕ್ಕೆ ಬೂಷ್ಟು ಹಿಡಿದಿದೆ. ಇಲ್ಲದ ಐದು, ಡಿಸ್ಕಿಗೆ ಇಳಿಸಿದ ವರ್ಷ ನಾನೇ ಯಾರಿಗೋ ಕೇಳಲು ಕೊಟ್ಟವು.

ಡಿಸ್ಕನ್ನು ಇಂದು ಸ್ಪಂಜಿನಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಆ ಐದು ಕ್ಯಾಸೆಟ್ಟಿನ ಫೋಲ್ಡರುಗಳ ಹೆಸರನ್ನಷ್ಟೇ ಬರೆದು, ಅವುಗಳಿಗಾಗಿ ಎಷ್ಟು ಖರ್ಚಾಗುತ್ತದೆಂದು ಎರಡು ಲ್ಯಾಬುಗಳಿಗೆ ಕೇಳಿದ್ದೇನೆ. ಭಾನುವಾರ ಊರಿಗೆ ಹೋಗಿ ಟ್ರಂಕು ತರುತ್ತೇನೆ. ಹಾವೇರಿಯವರೇ, ಸ್ಕ್ರೂ ಇರುವ ಖಾಲಿ ಕ್ಯಾಸೆಟ್ಟುಗಳು ಈಗ ಎಲ್ಲಿ ಸಿಗುತ್ತವೆ?

ಹಾವೇರಿಯ ಕೇಳುಗ

ಹೊಸದನ್ನು ಹುಡುಕಬೇಡಿರಿ. ಮನೆಯಲ್ಲಿ ಯಾರೂ ಕೇಳದ ಹಳೆಯ ಸಿನಿಮಾ ಹಾಡಿನ ಕ್ಯಾಸೆಟ್ ಇದ್ದೇ ಇರುತ್ತದೆ, ಮೂಲೆಗಳಲ್ಲಿ ಸ್ಕ್ರೂ ಇರುವುದನ್ನು ನೋಡಿ ಆರಿಸಿಕೊಳ್ಳಿರಿ. ಬಿಚ್ಚುವಾಗ ಕೆಳಗೆ ಬಿಳಿಯ ಬಟ್ಟೆ ಹಾಸಿಕೊಂಡು ಕೂರಿರಿ, ಒಳಗಿನ ಗಾಲಿಗಳು ಬಹಳ ಸಣ್ಣವು.